ಇಪ್ಪತ್ತಾರು ಡಿಗ್ರಿಯ ಮರಿಗಳು

ಮನೆ, ಹಿಂದಿನ ಕೋಣೆ,
ಸತ್ತ ಫ್ರಿಜ್ಜಿನ ಪಕ್ಕದ ಸ್ಟೂಲು.
ಹದಿನೇಳನೇ ತಾರೀಖು, ಸೋಮವಾರ, ಮಧ್ಯಾಹ್ನ.

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಬೆನ್ನುನೋವು ಹೇಗಿದೆ? ಹಡಗಿನ ಕೋಲ್ಡ್ ರೂಮಿನಿಂದ ಹೊರಗೆ ಬಂದ ಕೂಡಲೇ ಬಿಸಿನೀರು ಸುರಿದುಕೊಳ್ಳಬೇಡಿ ಎಂದು ಬರೆಯಲು ಅತ್ತೆ ಹೇಳಿದ್ದಾರೆ. ಅವರು ಹೇಳಿದ್ದು ಹಾಗಲ್ಲ ಅನ್ನಿ. "ಆ ಪುಣ್ಯಾತ್ಮನಿಗೆ ಬರಿ, ಮೈ ಅನ್ನೋದು ಫ್ರಿಜ್ಜಲ್ಲ, ಬೇಕಾದಾಗ ಆನು ಬೇಡವಾದಾಗ ಆಫು ಮಾಡೋಕೆ" ಎಂದರು. ನಿಮ್ಮ ಒಳಕೋಟಿಗೆ ಇನ್ನೊಂದು ಪದರ ಕೊಟ್ಟು ಹೊಲಿದಿಟ್ಟಿದ್ದಾರೆ, ಈ ಪತ್ರದ ಜೊತೆಗೇ ನಿಮ್ಮ ಕಂಪನಿ ಆಫೀಸಿನ ಟಪಾಲು ಚೀಲಕ್ಕೆ ಹಾಕುತ್ತೇನೆ. ನಡುಸಮುದ್ರದಲ್ಲಿ ಫೋನು ಸಿಗುವುದಿಲ್ಲ ಎಂದು ಗೊತ್ತಿದ್ದೂ ದಿನಕ್ಕೊಂದು ಸಲ ನಿಮ್ಮ ನಂಬರು ಒತ್ತುತ್ತೇನೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಹೇಳುವ ಆ ಹೆಂಗಸಿನ ದನಿ ಈಗ ಮನೆಯವರ ದನಿಯ ಹಾಗೇ ಆಗಿಬಿಟ್ಟಿದೆ.

ನೀವು ಎಂದು ಬರೆಯುತ್ತಿದ್ದೇನೆ, ನಗಬೇಡಿ. ಎದುರಿಗಿದ್ದರೆ ನೀನು ಎನ್ನುವವಳು ಪೆನ್ನು ಹಿಡಿದ ಕೂಡಲೇ ನೀವು ಎನ್ನುತ್ತೇನೆ. ಅದು ಹಾಸ್ಟೆಲಿನ ಅಭ್ಯಾಸ. ಪ್ರತಿ ಶನಿವಾರ ಪತ್ರ ಬರೆಸಿ, ವಾರ್ಡನ್ ಓದಿ, ಆಮೇಲೆ ಲಕೋಟೆ ಅಂಟಿಸುತ್ತಿದ್ದರು. "ನಾನು ಇಲ್ಲಿ ಕ್ಷೇಮವಾಗಿದ್ದೇನೆ" ಎನ್ನುವ ಸಾಲು ಬೋರ್ಡಿನ ಮೇಲೆ ಮೊದಲೇ ಇರುತ್ತಿತ್ತು, ನಾವು ನೋಡಿಕೊಂಡು ಇಳಿಸುತ್ತಿದ್ದೆವು. ಹೊಟ್ಟೆನೋವಿದ್ದವರೂ ಕ್ಷೇಮ, ಜ್ವರ ಬಂದು ಮಲಗಿದವರೂ ಕ್ಷೇಮ. ಹನ್ನೆರಡು ವರ್ಷದಲ್ಲಿ ಯಾರ ಕಣ್ಣಿಗೂ ಬೀಳದೆ ನಿಮಗೆ ಬರುತ್ತಿರುವ ಮೊದಲನೇ ಪತ್ರ ಇದು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ.

ಕಾಲೇಜು ನಡೆಯುತ್ತಿದೆ. ಫಸ್ಟ್ ಇಯರ್‌ನವರನ್ನು ಯಾರೂ ಕಚ್ಚುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೂ ಅಟೆಂಡೆನ್ಸ್ ಕೂಗುವಾಗ ನನ್ನ ನಂಬರು ಬರುವುದಕ್ಕೆ ಹತ್ತು ನಂಬರು ಮೊದಲೇ ಎದೆ ಹೊಡೆದುಕೊಳ್ಳಲು ಶುರು. ಮಾತಾಡಿಸುವವಳು ಒಬ್ಬಳಿದ್ದಾಳೆ, ಲ್ಯಾಬಿನಲ್ಲಿ ಪಕ್ಕ ಕೂರುವವಳು. ನಮ್ಮ ಮನೆಯಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಇವೆ ಎಂದರೆ "ಬೆಂಕಿ ಉಗುಳ್ತಾವಾ?" ಎಂದಳು. ಬೆಂಕಿ ಇಲ್ಲ ಮಾರಾಯ್ತಿ, ಮೊಣಕೈ ಉದ್ದದ ಓತಿ ಅಷ್ಟೇ, ಗಂಟಲ ಕೆಳಗೆ ಮುಳ್ಳುಮುಳ್ಳು ಗಡ್ಡ, ಕೋಪ ಬಂದರೆ ಆ ಗಡ್ಡ ಕಪ್ಪಗಾಗಿ ಉಬ್ಬುತ್ತೆ, ಮಿಕ್ಕಂತೆ ನಮ್ಮಪ್ಪನಷ್ಟೇ ಸಾಧು ಎಂದೆ. ನಿಮ್ಮಪ್ಪ ಏನು ಕೆಲಸ ಎಂದು ಕೇಳಿದಳು. ದಿನವೆಲ್ಲ ತಣ್ಣಗೆ ಮಾಡೋ ಕೆಲಸ, ಸಂಜೆ ಬಿಸಿ ಮಾಡೋ ಹುಚ್ಚು ಎಂದೆ. ಫ್ರಿಜ್ ಮೆಕ್ಯಾನಿಕ್ ಎನ್ನಲು ನಾಚಿಕೆಯಾಗಿ ಅಲ್ಲ ಅಪ್ಪಾ, ಹಾಗೆ ಹೇಳಿದಾಗ ಅವಳು ನಕ್ಕಳು, ಅದಕ್ಕೇ.

ಈಗ ನಿಮ್ಮ ಗಡ್ಡದವರ ಸುದ್ದಿ. ಇದನ್ನು ಮೊದಲಿನಿಂದಲೇ ಹೇಳಬೇಕು, ಏಕೆಂದರೆ ಇದರಲ್ಲಿ ನನ್ನದೊಂದು ದೊಡ್ಡ ತಪ್ಪಿದೆ. ಕೊನೆಯ ಪರೀಕ್ಷೆ ಮುಗಿಸಿ ನಾನು ಟ್ರಂಕು ಹೊತ್ತು ಮನೆಗೆ ಬಂದಾಗ ನೀವು ಹಡಗು ಹತ್ತಿ ಹತ್ತು ದಿನವಾಗಿತ್ತು. ಆರನೇ ವಯಸ್ಸಿನಿಂದ ಈ ಮನೆಗೆ ನಾನು ರಜೆಗೆ ಬರುವ ನೆಂಟಳು. ಇನ್ನು ಇಲ್ಲೇ ಇರುತ್ತೇನೆ ಎಂದು ಬಂದರೆ ನೀವು ಇರಲಿಲ್ಲ. ಮೇಜಿನ ಮೇಲೆ ನೀಲಿ ರಟ್ಟಿನ ನೋಟ್‌ಬುಕ್ಕು. ಮೊದಲ ಪುಟದಲ್ಲಿ "ಇವರನ್ನು ನಿನಗೆ ಒಪ್ಪಿಸಿದ್ದೇನೆ" ಎಂದಿತ್ತು. ನೀವು ನನಗೆ ಒಪ್ಪಿಸಿದ ಮೊದಲನೇ ಕೆಲಸ ಅದು. ಅಲ್ಲಿಯವರೆಗೆ ನನ್ನನ್ನೇ ಬೇರೆಯವರಿಗೆ ಒಪ್ಪಿಸಿ ಅಭ್ಯಾಸ, ಅಲ್ಲವೇ? ಬೇಜಾರು ಮಾಡಿಕೊಳ್ಳಬೇಡಿ. ಅಮ್ಮ ಹೋದ ಮೇಲೆ ನೀವು ಇನ್ನೇನು ಮಾಡಬಹುದಿತ್ತು ಎನ್ನುವುದು ನನಗೂ ಅರ್ಥವಾಗುತ್ತದೆ.

ನೀವು ಬರೆದಂತೆಯೇ, ಚಳಿನಿದ್ದೆ ಮುಗಿದು ಒಂದು ತಿಂಗಳು ಚೆನ್ನಾಗಿ ತಿಂದ ಮೇಲೆ ಹೆಣ್ಣು ಓತಿ ಹೆಡ್‌ಮಿಸ್ಟ್ರೆಸ್ ಇದ್ದ ಗಾಜಿನ ಪೆಟ್ಟಿಗೆಗೆ ಗಂಡು ಓತಿ ಮಾವನನ್ನು ಬಿಟ್ಟೆ. ಮಾವ ಗಡ್ಡ ಮಸಿಯಾಗಿಸಿಕೊಂಡು ತಲೆ ಕುಣಿಸಿದ್ದೇ ಕುಣಿಸಿದ್ದು. ಹೆಡ್‌ಮಿಸ್ಟ್ರೆಸ್ ಅವನತ್ತ ಒಂದು ನೋಟ ಬೀರಿದಳು ನೋಡಿ, ಹೋಂವರ್ಕ್ ತಾರದವನನ್ನು ನೋಡುವ ನೋಟ, ಆ ಹೆಸರಿಟ್ಟ ನಿಮ್ಮ ಜಾಣ್ಮೆಗೆ ನಮಸ್ಕಾರ. ಅತ್ತೆ ಬಾಗಿಲಲ್ಲಿ ನಿಂತು ಕಣ್ಣಿಗೆ ಸೆರಗು ಅಡ್ಡ ಹಿಡಿದುಕೊಂಡು, ಸೆರಗಿನ ಸಂದಿಯಿಂದ ಎಲ್ಲ ನೋಡಿ, "ಅಪ್ಪನಿಗೆ ಮಗಳನ್ನ ಹಾಸ್ಟೆಲಿಗೆ ಹಾಕಿ ಓತಿಕ್ಯಾತ ಸಾಕೋ ಹುಚ್ಚು, ಮಗಳಿಗೆ ಅವಕ್ಕೆ ಸಂಸಾರ ಹೂಡಿಸೋ ಹುಚ್ಚು" ಎಂದರು. ಅಕ್ಕ ಎನಿಸಿಕೊಂಡವರು ತಮ್ಮನ ಮೇಲಿನ ಸಿಟ್ಟನ್ನು ಸೊಸೆಯ ಮೇಲೆ ತೀರಿಸಿಕೊಳ್ಳುವುದು ಎಲ್ಲಾದರೂ ಉಂಟೇ?

ಐದು ವಾರಕ್ಕೆ ಹೆಡ್‌ಮಿಸ್ಟ್ರೆಸ್ ಊಟ ಬಿಟ್ಟಳು. ಹೊಟ್ಟೆಯ ಎರಡೂ ಬದಿಯಲ್ಲಿ ಗೋಲಿ ತುಂಬಿದ ಚೀಲದ ಹಾಗೆ ಉಬ್ಬು. ಗಾಜನ್ನು ಕೆರೆಯುತ್ತಾ ಅತ್ತಿಂದಿತ್ತ ಓಡಾಡಿದಳು. ನೀವು ಹೇಳಿದ ಒದ್ದೆ ಮರಳಿನ ಟಬ್ಬಿಗೆ ಅವಳನ್ನು ಬಿಟ್ಟು ಮೇಲೆ ಬಟ್ಟೆ ಹೊದಿಸಿದೆ. ಮಧ್ಯಾಹ್ನವೆಲ್ಲ ಅಗೆದಳು, ಬಾಲದ ತುದಿ ಮಾತ್ರ ಹೊರಗೆ. ಸಂಜೆ ಹೊರಬಂದಾಗ ಮುಖದ ತುಂಬ ಮರಳು, ಹೊಟ್ಟೆ ಜೋತುಬಿದ್ದ ಖಾಲಿ ಚೀಲ. ಆ ಆಯಾಸದಲ್ಲೂ ಗುಂಡಿಯನ್ನು ಮೂತಿಯಿಂದ ತಟ್ಟಿ ತಟ್ಟಿ ಮುಚ್ಚಿ, ಆಮೇಲೆ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಅವುಗಳ ತಾಯ್ತನ ಅಲ್ಲಿಗೆ ಮುಗಿಯಿತಂತೆ. ನಾನು ಅವಳ ಮೇಲೆ ಎರಡು ದಿನ ಕೋಪ ಮಾಡಿಕೊಂಡಿದ್ದೆ, ಮೂರನೇ ದಿನ ಹುಳು ಹಿಡಿದು ತಿನ್ನಿಸಿದೆ.

ಇಪ್ಪತ್ತೊಂದು ಮೊಟ್ಟೆ. ಇದ್ದ ಮಗ್ಗುಲಿನಿಂದ ಹೊರಳಿಸಬಾರದು, ಹೊರಳಿದರೆ ಒಳಗಿನದು ಮುಳುಗಿ ಸಾಯುತ್ತದೆ ಎಂದು ನೀವು ಕೆಂಪಿನಲ್ಲಿ ಗೆರೆ ಎಳೆದಿದ್ದಿರಲ್ಲ. ಮರಳು ಸರಿಸಿ ಒಂದೊಂದರ ನೆತ್ತಿಗೂ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು, ಆ ಚುಕ್ಕೆ ಆಕಾಶ ನೋಡುವ ಹಾಗೇ ಎತ್ತಿ, ಗಿಡದ ನರ್ಸರಿಯಿಂದ ತಂದ ತೇವದ ವರ್ಮಿಕ್ಯುಲೈಟ್ ಪುಡಿಯಲ್ಲಿ ಅರ್ಧ ಹೂತು, ಡಬ್ಬಿಗಳನ್ನು ಫ್ರಿಜ್ಜಿನಲ್ಲಿಟ್ಟೆ. ಫ್ರಿಜ್ಜು ಸತ್ತ ಮೇಲೆ ಅದಕ್ಕೆ ಬಲ್ಬು, ಥರ್ಮೋಸ್ಟಾಟು ಕೂರಿಸಿ ಕಾವು ಕೊಡುವ ಕೆಲಸಕ್ಕೆ ಹಚ್ಚಿದ್ದೀರಿ ನೋಡಿ, ಅದನ್ನು ತೆರೆದಾಗ ಬೆಚ್ಚಗಿನ ಗಾಳಿ ಮುಖಕ್ಕೆ ಬರುವುದು ನನಗೆ ಈಗಲೂ ವಿಚಿತ್ರ. ನೋಟ್‌ಬುಕ್ಕಿನಲ್ಲಿ ಡಿಗ್ರಿ ನೋಡಿದೆ. ಇಪ್ಪತ್ತಾರಕ್ಕೆ ನಿಲ್ಲಿಸಿದೆ. ೬೦ ದಿನ ಎಂದಿತ್ತು. ಕ್ಯಾಲೆಂಡರಿನಲ್ಲಿ ಅರವತ್ತನೇ ದಿನಕ್ಕೆ ಸುತ್ತು ಹಾಕಿದೆ.

ಅರವತ್ತನೇ ದಿನ ಏನೂ ಆಗಲಿಲ್ಲ. ಅರವತ್ತೊಂದು, ಅರವತ್ತೆರಡು, ಏನೂ ಇಲ್ಲ. ಮೂರು ಮೊಟ್ಟೆ ಮೊದಲೇ ಹಳದಿಯಾಗಿ ಬೂಸ್ಟು ಬಂದು ಕುಸಿದಿದ್ದವು, ಮಿಕ್ಕ ಹದಿನೆಂಟು ಬೆಳ್ಳಗೆ, ದುಂಡಗೆ, ಸುಮ್ಮನೆ. ಟಾರ್ಚು ಹಿಡಿದರೆ ಒಳಗೆ ಕತ್ತಲು. ಅದು ಮರಿಯ ಕತ್ತಲೋ ಸತ್ತದ್ದರ ಕತ್ತಲೋ ತಿಳಿಯದು. ಇಂಟರ್ನಲ್ಸ್ ಪರೀಕ್ಷೆಯಲ್ಲಿ ಉತ್ತರದ ಮಧ್ಯೆ ಮೊಟ್ಟೆ ಎಂದು ಬರೆದು ಹೊಡೆದುಹಾಕಿದೆ. ಅರವತ್ತಾರನೇ ದಿನ ಮಂಗಳವಾರ. ಆವತ್ತು ನಾನು ಕಾಲೇಜಿಗೂ ಹೋಗಲಿಲ್ಲ, ಮನೆಯಲ್ಲೂ ಇರಲಿಲ್ಲ. ಎಲ್ಲಿಗೆ ಹೋಗಿದ್ದೆ ಎನ್ನುವುದು ಬೇರೆ ವಿಷಯ.

ಗುರುವಾರ ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡು ಅದರ ಮುಂದೆ ಕೂತು ಅತ್ತೆ. ನಿಮ್ಮ ಅಕ್ಕ ಅತ್ತೆ ಅಲ್ಲ, ನಾನು ಅತ್ತೆ. ಈ ಭಾಷೆಯಲ್ಲಿ ಅಳುವುದಕ್ಕೂ ಅವರಿಗೂ ಒಂದೇ ಪದ ಯಾಕಿದೆಯೋ. ಹೊಲಿಗೆ ಮಷೀನು ನಿಂತಿತು. ಈ ಕೋಣೆಯ ಹೊಸ್ತಿಲು ಎಂದೂ ದಾಟದವರು ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಒಳಗೆ ಬಂದು, ಮಾವನ ಪೆಟ್ಟಿಗೆಯಿಂದ ಆದಷ್ಟು ದೂರ ಕೂತು, "ಏನಂತೆ ನಿನ್ನ ಗೋಳು?" ಎಂದರು. ನಾನೇ ಕೊಂದುಬಿಟ್ಟೆ, ಅಪ್ಪ ಒಪ್ಪಿಸಿದ್ದನ್ನ ಕೊಂದುಬಿಟ್ಟೆ, ಬರೆದಿರೋ ಹಾಗೇ ಮಾಡಿದೀನಿ, ಇಪ್ಪತ್ತಾರಕ್ಕೇ ಇಟ್ಟಿದೀನಿ ಎಂದೆ. ಅತ್ತೆ ನೋಟ್‌ಬುಕ್ಕನ್ನು ಕೈಯಳತೆಯ ದೂರಕ್ಕೆ ಹಿಡಿದು ನೋಡಿದರು. ನೋಡಿ, ನನ್ನ ಮುಖ ನೋಡಿದರು. "ಇದು ಇಪ್ಪತ್ತಾರಲ್ಲ ಕಣೇ. ಇಪ್ಪತ್ತೊಂಬತ್ತು."

ಅಪ್ಪಾ, ನೀವು ಕನ್ನಡದ ಅಂಕಿ ಬರೆದಿದ್ದಿರಿ. ೨೯. ನಿಮ್ಮ ೬ಕ್ಕೂ ೯ಕ್ಕೂ ಬಾಲ ಹೊರಳುವ ದಿಕ್ಕು ಬಿಟ್ಟರೆ ಬೇರೆ ವ್ಯತ್ಯಾಸ ನನಗೆ ಕಾಣಲಿಲ್ಲ, ಎರಡನ್ನೂ ಆರೆಂದೇ ಓದಿದೆ. ಹಾಸ್ಟೆಲಿನಲ್ಲಿ ಲೆಕ್ಕವೆಲ್ಲ ಇಂಗ್ಲಿಷು. ಕನ್ನಡ ವಾರಕ್ಕೆ ಎರಡು ಪೀರಿಯಡ್ಡು, ಅದರಲ್ಲೂ ಅಂಕಿಯ ಪಾಠ ಬಂದಾಗ ನನಗೆ ಮಂಗನಬಾವು. ನಿಮ್ಮ ಪತ್ರಗಳ ತಾರೀಖನ್ನಾದರೂ ಓದಿದ್ದರೆ ಅಭ್ಯಾಸವಾಗಿರುತ್ತಿತ್ತು. ನಾನು ಅದನ್ನು ಓದಿದವಳೇ ಅಲ್ಲ. ಲಕೋಟೆ ಹರಿದ ಕೂಡಲೇ ಕಣ್ಣು ಸೀದಾ ಕೊನೆಯ ಸಾಲಿಗೆ ಹೋಗುತ್ತಿತ್ತು, ಈ ಭಾನುವಾರ ಬರುತ್ತೀರೋ ಮುಂದಿನ ಭಾನುವಾರವೋ ಎಂದು. ಅತ್ತೆಗೆ ನಗುವೋ ನಗು. "ನಾನೂ ಅವನೂ ಒಂದೇ ಮೇಷ್ಟ್ರ ಕೈಲಿ ಏಟು ತಿಂದು ಕಲಿತ ಅಂಕಿ ಇದು. ಮೂವತ್ತು ವರ್ಷದಿಂದ ಇದರಲ್ಲೇ ಅಳತೆ ಬರೀತಿದೀನಿ. ಇಪ್ಪತ್ತೊಂಬತ್ತು ಸೊಂಟದವನಿಗೆ ಇಪ್ಪತ್ತಾರು ಹೊಲಿದುಕೊಟ್ಟಿದ್ರೆ ಪ್ಯಾಂಟು ಮಂಡಿಯಿಂದ ಮೇಲೆ ಹತ್ತುತ್ತಿರಲಿಲ್ಲ!" ಆಮೇಲೆ ನನ್ನ ಮುಖ ಒರೆಸಿ, "ಸತ್ತಿಲ್ಲ ಬಿಡು. ಕಾವು ಕಡಿಮೆ ಸಿಕ್ಕಿದೆ, ನಿಧಾನ ಆಗಿದೆ. ಒಮ್ಮೆಗೇ ಬಿಸಿ ಏರಿಸಬೇಡ, ಉಣ್ಣೆ ಬಟ್ಟೆಗೆ ಇಸ್ತ್ರಿ ಹಾಕಿದ ಹಾಗೆ, ಸ್ವಸ್ವಲ್ಪ" ಎಂದರು. ಓತಿಯ ವಿಷಯ ಅವರಿಗೆ ಏನೂ ಗೊತ್ತಿಲ್ಲ. ಆದರೂ ನಾನು ದಿನಕ್ಕೆ ಅರ್ಧ ಡಿಗ್ರಿಯಂತೆ ಆರು ದಿನ ಏರಿಸಿದೆ.

ಎಪ್ಪತ್ತೆಂಟನೇ ದಿನ, ಭಾನುವಾರ, ಮೊಟ್ಟೆಗಳು ಬೆವರಿದವು ಅಪ್ಪಾ! ನಿಜವಾಗಿ ಬೆವರು, ಚಿಪ್ಪಿನ ಮೇಲೆ ಸೂಜಿಮೊನೆಯಷ್ಟು ಹನಿ. ಮಧ್ಯಾಹ್ನಕ್ಕೆ ಒಂದರಲ್ಲಿ ಬ್ಲೇಡಿನಲ್ಲಿ ಸೀಳಿದಂಥ ಗೀರು, ಗೀರಿನಿಂದ ಒಂದು ಮೂತಿ. ಮೂತಿ ಹೊರಗಿಟ್ಟು, ಕಣ್ಣು ಮುಚ್ಚಿ, ಅರ್ಧ ದಿನ ಹಾಗೇ ಕೂತಿತ್ತು. ಬರುವುದೋ ಬೇಡವೋ ಎಂದು ಬಸ್ಸಿನ ಬಾಗಿಲಲ್ಲಿ ನಿಂತವರ ಹಾಗೆ. "ಎಳೆಯಬೇಡ, ಅದಾಗಿ ಬರಲಿ" ಎಂದು ನೀವು ಬರೆದಿದ್ದರಿಂದ ನನ್ನ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ. ಮೂರು ದಿನದಲ್ಲಿ ಹದಿನೈದು ಬಂದವು, ಮೂರು ಬರಲೇ ಇಲ್ಲ. ಆ ಮೂರು ನನ್ನ ಇಪ್ಪತ್ತಾರಕ್ಕೆ ಹೋದವೋ ಹೇಗೂ ಹೋಗುತ್ತಿದ್ದವೋ ಗೊತ್ತಿಲ್ಲ. ಗುಲಾಬಿ ಕುಂಡದಲ್ಲಿ ಹೂತೆ.

ಈಗ ಮನೆ ಮನೆಯಾಗಿ ಉಳಿದಿಲ್ಲ. ಮರಿಗಳ ಊಟಕ್ಕೆ ಕ್ರಿಕೆಟ್ ತರೋಕೆ ಹೋಗ್ತೀನಿ ಎಂದರೆ ಅತ್ತೆ "ಬ್ಯಾಟೂ ತಗೊಂಡು ಬಾ" ಎನ್ನುತ್ತಾರೆ. ಮರಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಹುಳು ದೊಡ್ಡದಿರಬಾರದು ಎಂದು ಓದಿ ಹೇಳಿದ ದಿನದಿಂದ, ಓತಿ ಕಂಡರೆ ಕಿರುಚುತ್ತಿದ್ದವರು ಟೇಪು ಹಿಡಿದು ಕ್ರಿಕೆಟ್ ಹುಳುವಿನ ಉದ್ದ ಅಳೆಯುತ್ತಿದ್ದಾರೆ. ಸೊಪ್ಪನ್ನು ದಾರದೆಳೆಯಷ್ಟು ಸಣ್ಣಗೆ ಹೆಚ್ಚುತ್ತಾರೆ. ಹುಳುವನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸುವಾಗ "ಪೌಡರ್ ಹಚ್ಚಿಸ್ಕೊಂಡು ಸಾಯೋಕೆ ಹೊರಟಿದೆ ಪಾಪ" ಎಂದು ಅದಕ್ಕೂ ಮರುಗುತ್ತಾರೆ. ಮರಿಗಳು ಒಂದರ ಬಾಲ ಒಂದು ಕಡಿಯದಂತೆ ದೊಡ್ಡವನ್ನೂ ಸಣ್ಣವನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿದ್ದೇನೆ.

ಎಲ್ಲಕ್ಕಿಂತ ಸಣ್ಣದೊಂದಿದೆ, ಕೊನೆಯಲ್ಲಿ ಬಂದದ್ದು, ನನ್ನ ಕಿರುಬೆರಳಿನಷ್ಟು. ಮೊನ್ನೆ ಅದರ ಮೇಲೆ ನಾನು ಬಗ್ಗಿದಾಗ ಅದು ಮುಂದಿನ ಒಂದು ಕೈ ಎತ್ತಿ ನಿಧಾನವಾಗಿ ಸುತ್ತು ತಿರುಗಿಸಿತು. ಅತ್ತೆ ಮಗುವಿನ ಹಾಗೆ ಚಪ್ಪಾಳೆ ತಟ್ಟಿ, "ನೋಡೇ, ಟಾಟಾ ಮಾಡ್ತಿದೆ!" ಎಂದರು. ನಾವಿಬ್ಬರೂ ಅದಕ್ಕೆ ವಾಪಸ್ಸು ಟಾಟಾ ಮಾಡಿದೆವು. ಆಮೇಲೆ ನೋಟ್‌ಬುಕ್ಕಿನಲ್ಲಿ ನಿಮ್ಮ ಸಾಲು ಸಿಕ್ಕಿತು: "ಮರಿ ಕೈ ಬೀಸಿದರೆ ಟಾಟಾ ಎಂದು ತಿಳಿಯಬೇಡ. ನಾನು ಚಿಕ್ಕವನು, ಏನೂ ಮಾಡಬೇಡ ಎಂದು ಅದರ ಅರ್ಥ. ಹೆದರಿದೆ. ಹತ್ತಿರ ಕೂತುಕೋ, ಅಭ್ಯಾಸವಾಗಲಿ."

ಅದನ್ನು ಓದಿದ ಕೂಡಲೇ ಹಾಸ್ಟೆಲಿನ ಗೇಟು ನೆನಪಾಯಿತು. ಭಾನುವಾರ ಸಂಜೆ ನೀವು ಸ್ಕೂಟರು ಹತ್ತಿ ತಿರುಗಿ ನೋಡಿದರೆ ನಾನು ಒಂದು ಕೈ ಎತ್ತಿ ಬೀಸುತ್ತಾ ಇರುತ್ತಿದ್ದೆ. ನೀವು ಎಲ್ಲರ ಹತ್ತಿರವೂ ಹೇಳುತ್ತಿದ್ದಿರಂತೆ, "ನನ್ನ ಮಗಳು ಗಟ್ಟಿ, ಬೇರೆ ಮಕ್ಕಳ ಹಾಗೆ ಅಳೋದಿಲ್ಲ, ನಗ್ತಾ ಟಾಟಾ ಮಾಡ್ತಾಳೆ" ಎಂದು. ಮರಿಯ ಕೈಯ ವಿಷಯ ಬರೆಯುವಾಗ ನಿಮಗೂ ಏನಾದರೂ ನೆನಪಾಯಿತೇ ಅಪ್ಪಾ? ಆಗದಿದ್ದರೂ ತೊಂದರೆಯಿಲ್ಲ. ಓತಿಯ ಭಾಷೆ ಅಷ್ಟು ತಿಳಿದವರು ಎಂದು ಕೇಳಿದೆ, ಅಷ್ಟೇ. ಈಗ ದಿನಾ ಸಂಜೆ ಆ ಕಿರುಬೆರಳಿನ ಪಕ್ಕ ಕೂತು ಓದಿಕೊಳ್ಳುತ್ತೇನೆ. ನಿನ್ನೆ ಅದು ಕೈ ಬೀಸಲಿಲ್ಲ, ನನ್ನ ಅಂಗೈ ಹತ್ತಿ ಕೂತಿತು.

ಹೆಡ್‌ಮಿಸ್ಟ್ರೆಸ್ ಮೈ ತುಂಬಿಕೊಂಡು ಚೇತರಿಸಿದ್ದಾಳೆ, ಮಾವನ ಗಡ್ಡ ಮತ್ತೆ ಬಿಳಿ. ಅತ್ತೆ ನಿಮ್ಮನ್ನು ಬೈದದ್ದನ್ನೆಲ್ಲ ನೀವೇ ಪ್ರೀತಿ ಎಂದು ತಿದ್ದಿ ಓದಿಕೊಳ್ಳಿ. ಹಡಗಿನಲ್ಲಿ ನಿಮ್ಮ ಜೊತೆ ಊಟಕ್ಕೆ ಕೂರುವವರಿಗೆಲ್ಲ ನಮ್ಮ ಹದಿನೈದು ಮರಿಗಳ ನಮಸ್ಕಾರ ಹೇಳಿ. ತಣ್ಣಗಿನ ಜಾಗದಲ್ಲಿ ಬೆಚ್ಚಗಿರಿ.

ರಜೆ ಮುಗಿಯುವ ಹೊತ್ತಿಗೆ ಸರಿಯಾಗಿ ಜ್ವರ ಬರಿಸಿಕೊಳ್ಳುತ್ತಿದ್ದ,
ನಿಮ್ಮ
ಥರ್ಮಾಮೀಟ್ರು

ವಿ.ಸೂ. — ಅಪ್ಪಾ, ಚೀಲ ಆರಕ್ಕೆ ಕಟ್ಟಿಬಿಡ್ತಾರೆ, ಓಡಬೇಕು, ಬೇಗ ಬೇಗ ಬರೀತಿದೀನಿ. ಆ ಮಂಗಳವಾರ ನಾನು ಬಂದರಿಗೆ ಹೋಗಿದ್ದೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿದೀಯಲ್ಲ, "೯ ತಿಂಗಳಿಗೆ ಬಂದುಬಿಡ್ತೀನಿ" ಅಂತ. ಆ ಅಂಕಿಯನ್ನ ನಿನ್ನ ಕೈಬರಹದಲ್ಲಿ ಹೇಗಿದೆಯೋ ಹಾಗೇ ನೋಡಿಕೊಂಡು ಇಳಿಸಿದೀನಿ. ಆರು ಅಂತ ಓದಿ, ಒಂದೊಂದೇ ದಿನ ಹೊಡೆದುಹಾಕಿ, ಆರು ತುಂಬಿದ ದಿನ ಬೆಳಿಗ್ಗೆ ಎಂಟಕ್ಕೇ ಗೇಟಿನ ಹತ್ತಿರ ನಿಂತಿದ್ದೆ. ಹನ್ನೆರಡು ವರ್ಷ ಗೇಟಿನ ಒಳಗೆ ನಿಂತು ಕಾದವಳು ಹೊರಗೆ ನಿಂತು ಕಾದಿದ್ದು ಅದೇ ಮೊದಲು. ಸಾಯಂಕಾಲ ಕಾವಲುಗಾರ "ಇವತ್ತು ಯಾವ ಹಡಗೂ ಇಲ್ಲ ಕಣಮ್ಮ" ಅಂದ. ನೀನು ಮರೆತೆ ಅಂದ್ಕೊಂಡೆ. ಗುರುವಾರ ಅತ್ತೆ ಇಪ್ಪತ್ತೊಂಬತ್ತು ಅಂದಾಗ ನನಗೆ ಮೊದಲು ನೆನಪಾಗಿದ್ದು ಮೊಟ್ಟೆಯಲ್ಲ, ಈ ಪುಟ. ಅತ್ತೆಗೆ ತೋರಿಸಿದ್ರೆ ಒಂದು ನಿಮಿಷದ ಕೆಲಸ, ಕಂಪನಿ ಆಫೀಸಲ್ಲಿ ಕೇಳಿದ್ರೂ ಹೇಳ್ತಾರೆ. ತೋರಿಸಿಲ್ಲ, ಕೇಳಿಲ್ಲ, ಬಾಲ ಯಾವ ಕಡೆ ಅಂತ ನಾನೇ ಹೋಲಿಸಿ ನೋಡಿಯೂ ಇಲ್ಲ. ನೀನೇ ಹೇಳು. ಅಂಕಿಯಲ್ಲಿ ಬೇಡ, ಅಕ್ಷರದಲ್ಲಿ ಬರಿ. ಒಂಬತ್ತಾದ್ರೆ ಒಂಬತ್ತು ಅಂತಲೇ ಬರಿ, ಪರವಾಗಿಲ್ಲ. ಓದೋಕೆ ತಾನೇ ನನಗೆ ಬರ್ತಿರಲಿಲ್ಲ, ಎಣಿಸೋಕೆ ಚೆನ್ನಾಗಿ ಬರುತ್ತೆ.